ಮನೆಗೊಂದು ಸಣ್ಣ ಟ್ಯೂಬ್ ಆಂಪ್: ಕಾರವಾರ, ಶಿರಸಿ ಕಡೆಯವರು ಆರಿಸುವುದು ಹೇಗೆ

"15 ವ್ಯಾಟ್ ಸಾಕಾಗುತ್ತಾ?" ಎಲೆಕ್ಟ್ರಿಕ್ ಗಿಟಾರ್‌ಗೆ ಟ್ಯೂಬ್ ಆಂಪ್ (ಗಿಟಾರಿನ ದನಿ ಜೋರು ಮಾಡುವ ಆಂಪ್ಲಿಫೈಯರ್) ತಗೊಳ್ಳಲು ಹೊರಟವರು ಮೊದಲು ಕೇಳುವುದು ಇದನ್ನೇ. ಸಾಕಾಗುವುದೇನು, ಜಾಸ್ತಿಯೇ ಆಗುತ್ತದೆ. ಶಿರಸಿಯ ಹೆಂಚಿನ ಮನೆಯ ಅಟ್ಟದಲ್ಲಾಗಲಿ, ಕಾರವಾರದ ಎರಡು ಕೋಣೆಯ ಫ್ಲ್ಯಾಟ್‌ನಲ್ಲಾಗಲಿ, 15 ವ್ಯಾಟ್‌ನ ಟ್ಯೂಬ್ ಆಂಪ್ ಅನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿದರೆ ಮನೆಯವರ ಜೊತೆ ಪಕ್ಕದ ಮನೆಯವರೂ ಎದ್ದು ಬರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಆಂಪ್ ಆರಿಸುವಾಗ ಬ್ರ್ಯಾಂಡ್ ಯೋಚನೆ ಕೊನೆಗೆ ಬರಲಿ. ಮೊದಲು ಕೋಣೆ, ಆಮೇಲೆ ಸ್ಪೀಕರ್, ಆಮೇಲೆ ಮನೆಯ ಕರೆಂಟು, ಆಮೇಲೆ ಮಳೆಗಾಲ. ಇಂಟರ್ನೆಟ್ಟಿನಲ್ಲಿ ಸಿಗುವ ವಿಡಿಯೊಗಳಲ್ಲಿ ಮೊದಲಿನ ಎರಡರ ಬಗ್ಗೆ ಬೇಕಾದಷ್ಟು ಮಾತಿದೆ. ಕೊನೆಯ ಎರಡರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಯಾಕೆಂದರೆ ಅವರ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವುದಿಲ್ಲ.

ಹೆಜ್ಜೆ 1: ಟ್ಯೂಬೇ ಬೇಕಾ, ನೋಡಿಕೊಳ್ಳಿ

ಟ್ಯೂಬ್ ಅಂದರೆ ಹಿರಿಯರು ವಾಲ್ವ್ ಅನ್ನುತ್ತಿದ್ದ ಗಾಜಿನ ಬುರುಡೆ. ಹಳೇ ಮರ್ಫಿ, ಫಿಲಿಪ್ಸ್ ರೇಡಿಯೊ ಹಚ್ಚಿದರೆ ದನಿ ಬರಲು ಸ್ವಲ್ಪ ಹೊತ್ತು ಕಾಯಬೇಕಿತ್ತಲ್ಲ, ಅದು ಒಳಗಿನ ವಾಲ್ವ್ ಬಿಸಿಯಾಗಲಿ ಅಂತ. ಗಿಟಾರ್ ಆಂಪ್‌ನಲ್ಲಿರುವುದೂ ಅದೇ ಜಾತಿಯದು. ಎಷ್ಟೋ ರೇಡಿಯೊಗಳಲ್ಲಿ ಸ್ಪೀಕರ್ ಓಡಿಸುತ್ತಿದ್ದ ಇಎಲ್84 ಎಂಬ ವಾಲ್ವ್ ಇವತ್ತಿನ ಸಣ್ಣ ಗಿಟಾರ್ ಆಂಪ್‌ಗಳಲ್ಲೂ ಇದೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ ಕೂಡ ಒಂದು ಕಾಲದಲ್ಲಿ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ನಮಗೇನೂ ಇದು ಪರದೇಶಿ ವಸ್ತು ಅಲ್ಲ.

ಇದರಲ್ಲಿ ಜನಕ್ಕೆ ಇಷ್ಟವಾಗುವುದು ಏನು? ಟ್ಯೂಬ್ ತನ್ನ ಮಿತಿ ಮುಟ್ಟಿದಾಗ ದನಿ ಒಮ್ಮೆಲೇ ಕತ್ತರಿಸಿ ಹೋಗುವುದಿಲ್ಲ, ನಿಧಾನಕ್ಕೆ ಒರಟಾಗುತ್ತಾ ಹೋಗುತ್ತದೆ. ಮೆಲ್ಲಗೆ ಮೀಟಿದರೆ ಕ್ಲೀನ್. ಗಟ್ಟಿಯಾಗಿ ಮೀಟಿದರೆ ಕರಕರ. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಮತ್ತೆ ಕ್ಲೀನ್. ಪೆಡಲ್ (ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಟ್ಟಿಗೆ) ತುಳಿಯದೆ ಬರೀ ಬೆರಳಿನಲ್ಲಿ ಇದನ್ನೆಲ್ಲ ಮಾಡಬಹುದು ಎನ್ನುವುದೇ ಇದರ ರುಚಿ.

ಆದರೆ ರಾತ್ರಿ ಹತ್ತರ ಮೇಲೆ ಹೆಡ್‌ಫೋನ್‌ನಲ್ಲಿ ಮಾತ್ರ ನುಡಿಸುವವರು, ಒಂದೇ ಪೆಟ್ಟಿಗೆಯಲ್ಲಿ ಇಪ್ಪತ್ತು ಥರದ ಸೌಂಡ್ ಬೇಕೆನ್ನುವವರು, ಬಸ್ಸಿನ ಮೇಲೆ ಹಾಕಿಕೊಂಡು ಊರೂರು ಓಡಾಡುವವರು ಸುಮ್ನೆ ಟ್ಯೂಬ್ ಇಲ್ಲದ ಬಾಸ್ ಕಟಾನಾ ಅಥವಾ ಯಮಹಾ ಟಿಎಚ್‌ಆರ್ ತಗೊಂಡು ಹಾಯಾಗಿರಿ. ತೂಕ ಕಡಿಮೆ, ತಲೆನೋವೂ ಕಡಿಮೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನೊಂದು ಮಾತು. ಮುಂದೆ ಒಂದು ಟ್ಯೂಬ್ ಮಿನುಗುತ್ತಿದೆ ಅಂದಮಾತ್ರಕ್ಕೆ ಅದು ಪೂರ್ತಿ ಟ್ಯೂಬ್ ಆಂಪ್ ಆಗುವುದಿಲ್ಲ. ಆರೆಂಜ್ ಮೈಕ್ರೊ ಟೆರರ್ ನೋಡಿ. ಮುಂಭಾಗದಲ್ಲಿ ಒಂದು 12ಎಎಕ್ಸ್7 ಟ್ಯೂಬ್ ಇದೆ, ಸ್ಪೀಕರ್ ಓಡಿಸುವ 20 ವ್ಯಾಟ್ ಮಾತ್ರ ಟ್ರಾನ್ಸಿಸ್ಟರ್‌ನದು. ಒಳ್ಳೆಯ ಆಂಪೇ. ಆದರೆ ನೀವು ಕೇಳಿದ್ದು ಅದನ್ನಾ ಎಂದು ಗೊತ್ತಿರಬೇಕು. ಅಂಗಡಿಯಲ್ಲಿ "ಪವರ್ ಟ್ಯೂಬ್ ಯಾವುದು?" ಎಂದು ಕೇಳಿ, ಅಂದರೆ ಸ್ಪೀಕರ್ ಓಡಿಸುವ ಟ್ಯೂಬ್. ಉತ್ತರ ತಡವರಿಸಿದರೆ ಅನುಮಾನ ಪಡಿ.

ಹೆಜ್ಜೆ 2: ಕೋಣೆ ನೋಡಿ, ಆಮೇಲೆ ವ್ಯಾಟ್

ವ್ಯಾಟ್ ದುಪ್ಪಟ್ಟಾದರೆ ದನಿ ದುಪ್ಪಟ್ಟಾಗುವುದಿಲ್ಲ. 15ರಿಂದ 30ಕ್ಕೆ ಹೋದರೆ ಸಿಗುವುದು 3 ಡೆಸಿಬಲ್. "ಸ್ವಲ್ಪ ಜೋರಾಯ್ತು ಅಲ್ವಾ" ಅನ್ನಿಸುವಷ್ಟು, ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಹೀಗಾಗಿ 50 ವ್ಯಾಟ್‌ನ ಆಂಪ್ 5 ವ್ಯಾಟ್‌ನ ಆಂಪ್‌ಗಿಂತ ಬರೀ ಎರಡರಷ್ಟು ಜೋರು. ತಿರುಗಿಸಿ ನೋಡಿದರೆ ನಿಮ್ಮ 5 ವ್ಯಾಟ್ ದೊಡ್ಡ ಆಂಪ್‌ನ ಅರ್ಧ ಜೋರು ಇದೆ. ಮನೆಯಲ್ಲಿ ಅದು ಕಡಿಮೆಯಲ್ಲ.

ಲೆಕ್ಕ ಹಾಕಿಯೇ ನೋಡೋಣ. ಸ್ಪೀಕರ್‌ನ ಕಾಗದದ ಮೇಲೆ "97 ಡೆಸಿಬಲ್" ಎಂದಿದ್ದರೆ, ಅದಕ್ಕೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ 97 ಬರುತ್ತದೆ ಎಂದು ಅರ್ಥ. 5 ವ್ಯಾಟ್ ಕೊಟ್ಟರೆ 104. ಬರೀ 0.1 ವ್ಯಾಟ್ ಕೊಟ್ಟರೂ 87. ಮನುಷ್ಯರು ಜೋರಾಗಿ ಮಾತಾಡಿದರೆ ಅಷ್ಟೇ ದೂರದಲ್ಲಿ 70ರ ಆಸುಪಾಸು. ಈಗ ಗೊತ್ತಾಯ್ತಲ್ಲ, 1 ವ್ಯಾಟ್‌ನ ಆಂಪ್ ಎಂದು ನಗುವವರು ಅದನ್ನು ಹಚ್ಚಿ ನೋಡಿಲ್ಲ.

ಹಾಗಾದರೆ ಎಷ್ಟು ತಗೊಳ್ಳಬೇಕು? ಗೋಡೆಗೆ ಗೋಡೆ ಅಂಟಿಕೊಂಡ ಫ್ಲ್ಯಾಟ್, ನೌಕಾನೆಲೆ ಅಥವಾ ಕೈಗಾ ಕಡೆಯ ಕ್ವಾರ್ಟರ್ಸ್, ಪಿಯು ಓದುವ ತಮ್ಮ ಪಕ್ಕದ ಕೋಣೆಯಲ್ಲಿ, ಹೀಗಿದ್ದರೆ 1 ವ್ಯಾಟ್. ಇಲ್ಲವೇ 5 ವ್ಯಾಟ್‌ನದನ್ನು ಸ್ವಿಚ್ ಹಾಕಿ 1ಕ್ಕೂ ಅದಕ್ಕಿಂತ ಕೆಳಗೂ ಇಳಿಸಲು ಬರುವಂಥದ್ದು. ಸುತ್ತ ತೋಟ ಇರುವ ಒಂಟಿ ಮನೆಯಾದರೆ 5 ವ್ಯಾಟ್ ಚೆಂದ. ಇಲ್ಲಿ ಒಂದು ಎಚ್ಚರಿಕೆ: ಹೆಂಚಿನ ಮನೆಯಲ್ಲಿ ಮಾಡು ಮತ್ತು ಗೋಡೆಯ ನಡುವಿನ ಸಂದಿಯಿಂದ ದನಿ ಸೀದಾ ಹೊರಗೆ ಹೋಗುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡರೂ ಜಗಲಿಯಲ್ಲಿ ಕೂತವರಿಗೆ ಪೂರ್ತಿ ಕೇಳುತ್ತದೆ.

ಡ್ರಮ್ಸ್ ಜೊತೆ ನುಡಿಸುವವರ ಲೆಕ್ಕ ಬೇರೆ. ಕಾಲೇಜು ಗ್ಯಾದರಿಂಗ್, ಚರ್ಚ್ ಹಾಲ್, ಕಾರವಾರದ ಮದುವೆ ಬ್ಯಾಂಡು, ಇಲ್ಲೆಲ್ಲ 15ರಿಂದ 20 ವ್ಯಾಟ್ ಬೇಕು. ಅದರಲ್ಲೂ ಕ್ಲೀನ್ ಸೌಂಡ್ ಬೇಕಾದವರಿಗೆ. ಕಾರಣ ಸರಳ. 5 ವ್ಯಾಟ್‌ನ ಆಂಪ್ ಡ್ರಮ್ಸ್ ಮೇಲೆ ಕೇಳಿಸಬೇಕಾದರೆ ಪೂರ್ತಿ ತಿರುಗಿಸಬೇಕು, ಪೂರ್ತಿ ತಿರುಗಿಸಿದಾಗ ಅದು ಕ್ಲೀನ್ ಆಗಿ ಉಳಿಯುವುದಿಲ್ಲ. ರಾಕ್, ಬ್ಲೂಸ್ ನುಡಿಸುವವರಿಗೆ ಅದೇ ಬೇಕು. ಚರ್ಚಿನಲ್ಲಿ ಹಾಡಿಗೆ ಹಿಂದೆ ತಿಳಿಯಾಗಿ ಕಾರ್ಡ್ ಹಿಡಿಯುವವರಿಗೆ ಅದು ಬೇಡ. ಸೌಂಡ್ ಸಿಸ್ಟಮ್‌ನವರು ಆಂಪ್ ಮುಂದೆ ಮೈಕ್ ಇಡುತ್ತಾರೆ ಅಂದರೆ ಮಾತ್ರ 5 ವ್ಯಾಟ್‌ನಲ್ಲಿ ಮಾರಿಕಾಂಬಾ ಜಾತ್ರೆಯ ವೇದಿಕೆಯಲ್ಲೂ ನುಡಿಸಬಹುದು, ಆಗ ಜೋರು ಮಾಡುವ ಕೆಲಸ ಅವರದು.

ಹೆಜ್ಜೆ 3: ಯಾವ ಟ್ಯೂಬ್ ಇದೆ, ಓದಿಕೊಳ್ಳಿ

ಹೆಸರುಗಳು ಎರಡೆರಡು ಇವೆ, ಗೊಂದಲ ಬೇಡ. ಅಮೆರಿಕದವರ 12ಎಎಕ್ಸ್7 ಮತ್ತು ಯುರೋಪಿನ ಇಸಿಸಿ83 ಒಂದೇ. ಇಸಿಸಿ82 ಅಂದರೆ 12ಎಯು7. ಇಎಲ್84 ಅಂದರೆ 6ಬಿಕ್ಯು5. ಗಿಟಾರ್‌ನ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುವ ಮುಂಭಾಗದಲ್ಲಿ ಹೆಚ್ಚು ಕಡಿಮೆ ಎಲ್ಲರೂ 12ಎಎಕ್ಸ್7 ಹಾಕುತ್ತಾರೆ. ಸೌಂಡಿನ ಸ್ವಭಾವ ಗೊತ್ತಾಗುವುದು ಪವರ್ ಟ್ಯೂಬ್‌ನಿಂದ.

ಇಎಲ್84 ಒಂದೇ ಇದ್ದರೆ 4ರಿಂದ 5 ವ್ಯಾಟ್, ಜೋಡಿ ಇದ್ದರೆ ಸುಮಾರು 15. ವಾಕ್ಸ್ ಎಸಿ15 ಈ ಜೋಡಿಯದು. ದನಿಯಲ್ಲಿ ಒಂಥರಾ ಮಿಂಚು ಇರುತ್ತದೆ, ಬೇಗ ಒರಟಾಗುತ್ತದೆ. 6ವಿ6 ಫೆಂಡರ್ ಮನೆತನದ್ದು. 1948ರಲ್ಲಿ ಶುರುವಾದ ಚಾಂಪ್ ಸಾಲಿನ ಆಂಪ್‌ಗಳಲ್ಲಿ ಒಂದೇ ಒಂದು 6ವಿ6, ಹೆಚ್ಚಾಗಿ 8 ಇಂಚಿನ ಸ್ಪೀಕರ್, ಸುಮಾರು 5 ವ್ಯಾಟ್. ದುಂಡಗಿನ, ಮೆತ್ತನೆಯ ದನಿ. 1 ವ್ಯಾಟ್‌ನ ಆಂಪ್‌ಗಳಲ್ಲಿ ಪವರ್ ಟ್ಯೂಬ್ ಜಾಗದಲ್ಲಿ ಇಸಿಸಿ82 ಕೂರಿಸುತ್ತಾರೆ. ಬ್ಲ್ಯಾಕ್‌ಸ್ಟಾರ್ ಎಚ್‌ಟಿ-1, ಮಾರ್ಷಲ್ ಡಿಎಸ್‌ಎಲ್1 ಹಾಗಿವೆ.

ಕ್ಲಾಸ್ ಎ, ಪುಶ್-ಪುಲ್ ಎಂದೆಲ್ಲ ಅಂಗಡಿಯವರು ಹೇಳುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಪವರ್ ಟ್ಯೂಬ್ ಇರುವ ಆಂಪ್ ನುಡಿಸಿದರೂ ನುಡಿಸದಿದ್ದರೂ ಅಷ್ಟೇ ಕರೆಂಟು ತಿಂದು ಅಷ್ಟೇ ಬಿಸಿಯಾಗುತ್ತದೆ, ಸ್ವಲ್ಪ ಗುಂಯ್ ಎನ್ನುತ್ತದೆ. ಜೋಡಿ ಟ್ಯೂಬ್‌ನದರಲ್ಲಿ ಆ ಗುಂಯ್ ಬಹುಪಾಲು ಒಂದಕ್ಕೊಂದು ಹೊಡೆದುಹೋಗುತ್ತದೆ. ಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಆದರೆ ಬಯಾಸ್ (ಪವರ್ ಟ್ಯೂಬ್ ಸುಮ್ಮನಿದ್ದಾಗ ಎಷ್ಟು ಕರೆಂಟು ಎಳೆಯಬೇಕು ಎಂಬ ಹೊಂದಾಣಿಕೆ) ಬಗ್ಗೆ ಕೇಳಿ. ಕ್ಯಾಥೋಡ್ ಬಯಾಸ್ ಎಂದಿದ್ದರೆ ಪವರ್ ಟ್ಯೂಬ್ ಸವೆದಾಗ ಹಳೆಯದನ್ನು ತೆಗೆದು ಹೊಸದನ್ನು ನೀವೇ ಹಾಕಬಹುದು. ಫಿಕ್ಸೆಡ್ ಬಯಾಸ್ ಆಗಿದ್ದರೆ ಟ್ಯೂಬ್ ಬದಲಿಸಿದಾಗ ಅಳತೆ ನೋಡಿ ಹೊಂದಿಸಬೇಕಾಗಬಹುದು, ಅದಕ್ಕೆ ಗೊತ್ತಿರುವ ಕೈ ಬೇಕು. ಸಿದ್ದಾಪುರದಲ್ಲೋ ಹೊನ್ನಾವರದಲ್ಲೋ ಕೂತವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹೆಜ್ಜೆ 4: ಸ್ಪೀಕರ್ ಮತ್ತು ಪೆಟ್ಟಿಗೆ

ಸಣ್ಣ ಆಂಪ್‌ಗಳಲ್ಲಿ ತಯಾರಕರು ಹಣ ಉಳಿಸುವುದು ಸ್ಪೀಕರ್‌ನಲ್ಲೇ. 8 ಇಂಚಿನದು ಮುದ್ದಾಗಿರುತ್ತದೆ, ಕಪಾಟಿನಲ್ಲಿ ಕೂರುತ್ತದೆ, ಆದರೆ ಕೆಳಗಿನ ತಂತಿಗಳು ಡಬ್ಬ ಬಡಿದ ಹಾಗೆ ಕೇಳುತ್ತವೆ. 10 ಇಂಚು ಪರವಾಗಿಲ್ಲ. ಜಾಗ ಇದ್ದರೆ 12 ಇಂಚೇ ಇರಲಿ. ಅದೇ 5 ವ್ಯಾಟ್‌ನ ಆಂಪ್‌ಗೆ 12 ಇಂಚಿನ ಸ್ಪೀಕರ್ ಸಿಕ್ಕಿಸಿದರೆ ಬೇರೆಯೇ ಆಂಪ್ ತಂದ ಹಾಗಾಗುತ್ತದೆ. ಅದಕ್ಕೇ ಹಿಂದೆ ಎಕ್ಸ್‌ಟರ್ನಲ್ ಸ್ಪೀಕರ್ ಜ್ಯಾಕ್ ಇರುವ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು) ತಗೊಳ್ಳಿ. ಇವತ್ತು ಚಿಕ್ಕದರಲ್ಲಿ ಶುರು ಮಾಡಿ, ಮುಂದೆ ದೊಡ್ಡ ಕ್ಯಾಬಿನೆಟ್ ಸೇರಿಸಬಹುದು.

ಸ್ಪೀಕರ್ ಬದಲಿಸುವಾಗ ಡೆಸಿಬಲ್ ಅಂಕಿ ನೋಡಿ. ಸೆಲೆಶ್ಚನ್ ಗ್ರೀನ್‌ಬ್ಯಾಕ್ 98, ಅದೇ ಕಂಪನಿಯ ವಿಂಟೇಜ್ 30 ಸರಿಯಾಗಿ 100. ಮನೆಯಲ್ಲಿ ನುಡಿಸುವವರು ಕಡಿಮೆ ಅಂಕಿಯದನ್ನು ಹಾಕಿದರೆ ಆಂಪ್ ಅನ್ನು ಇನ್ನೊಂದಿಷ್ಟು ತಿರುಗಿಸಬಹುದು. ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಕೂಡ ಹೊಂದಬೇಕು: ಆಂಪ್‌ನ ಜ್ಯಾಕ್ ಮೇಲೆ 8 ಎಂದಿದ್ದರೆ ಸ್ಪೀಕರೂ 8 ಇರಲಿ, 16 ಇದ್ದರೆ 16.

ಒಂದು ಮಾತು ಮಾತ್ರ ಮರೆಯಬೇಡಿ. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಹಚ್ಚಿ ನುಡಿಸಬಾರದು. ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದು ಆಂಪ್‌ನಲ್ಲಿ ಅತಿ ದುಬಾರಿ ಭಾಗಗಳಲ್ಲೊಂದು. ಹೆಡ್ (ಬರೀ ಆಂಪ್) ಮತ್ತು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬೇರೆ ಬೇರೆ ಇದ್ದರೆ ನಡುವೆ ಹಾಕುವುದು ಸ್ಪೀಕರ್ ಕೇಬಲ್ಲೇ ಆಗಿರಲಿ. ಗಿಟಾರ್ ಕೇಬಲ್ ನೋಡಲು ಹಾಗೇ ಇರುತ್ತದೆ, ಒಳಗಿನ ತಂತಿ ಮಾತ್ರ ಕೂದಲೆಳೆ.

ಪೆಟ್ಟಿಗೆ ಯಾವ ಮರದ್ದು ಎಂದು ಕೇಳಿ. ಪ್ಲೈವುಡ್ ಆದರೆ ಒಳ್ಳೆಯದು. ಪಾರ್ಟಿಕಲ್ ಬೋರ್ಡ್ ನಮ್ಮ ಎರಡು ಮಳೆಗಾಲ ಕಂಡರೆ ಮೂಲೆಯಲ್ಲಿ ಉಬ್ಬಿ, ಸ್ಕ್ರೂ ಹಿಡಿಯುವುದನ್ನೇ ಬಿಡುತ್ತದೆ. ತೂಕವನ್ನೂ ನೋಡಿ. ಫೆಂಡರ್ ಬ್ಲೂಸ್ ಜೂನಿಯರ್‌ನಂಥ 15 ವ್ಯಾಟ್‌ನ ಕಾಂಬೊ ಸುಮಾರು 14 ಕಿಲೊ. ಸ್ಕೂಟರ್ ಮುಂದೆ ಇಟ್ಟುಕೊಂಡು ದೇವಿಮನೆ ಘಟ್ಟ ಇಳಿಯುವ ಯೋಚನೆ ಇದ್ದರೆ ಕೈಬಿಡಿ.

ಹೆಜ್ಜೆ 5: ನಾಬ್‌ಗಳು

ಒಂದೇ ವಾಲ್ಯೂಮ್ ನಾಬ್ ಇರುವ ಆಂಪ್ ನೋಡಲು ಬಲು ಚೆಂದ. ಆದರೆ ಮನೆಯಲ್ಲಿ ನುಡಿಸುವವರಿಗೆ ಗೇನ್ ಒಂದು, ಮಾಸ್ಟರ್ ವಾಲ್ಯೂಮ್ ಒಂದು, ಎರಡೂ ಬೇಕು. ಗೇನ್ ಮೇಲೆ, ಮಾಸ್ಟರ್ ಕೆಳಗೆ ಇಟ್ಟರೆ ಮುಂಭಾಗದ ಟ್ಯೂಬ್ ಒರಟಾಗುತ್ತದೆ, ಹೊರಗೆ ದನಿ ಕಡಿಮೆ ಇರುತ್ತದೆ. ಪವರ್ ಟ್ಯೂಬ್ ಒರಟಾದಾಗ ಬರುವ ದಪ್ಪ ದನಿ ಮಾತ್ರ ಹೀಗೆ ಸಿಗುವುದಿಲ್ಲ. ಅದು ಬೇಕಾದರೆ ವ್ಯಾಟ್ ಇಳಿಸುವ ಸ್ವಿಚ್ ಇರಬೇಕು. ಬುಗೇರಾ ವಿ5ರಲ್ಲಿ 5, 1, 0.1 ಎಂದು ಮೂರು ಹಂತ ಇವೆ. ಅಥವಾ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಹಾಕಬೇಕು, ಅದು ಹೆಚ್ಚಿನ ಶಕ್ತಿಯನ್ನು ಬಿಸಿಯಾಗಿಸಿ ಹೊರಗೆ ಬಿಡುತ್ತದೆ.

ಇಲ್ಲಿ ಜನ ನಿರಾಸೆಯಾಗುವುದು ಇನ್ನೊಂದು ಕಾರಣಕ್ಕೆ. ದನಿ ಸಣ್ಣದಾದಾಗ ನಮ್ಮ ಕಿವಿಗೇ ಕೆಳಗಿನ ಮತ್ತು ಮೇಲಿನ ಸ್ವರಗಳು ಕಡಿಮೆ ಕೇಳುತ್ತವೆ. 0.1 ವ್ಯಾಟ್‌ಗೆ ಇಳಿಸಿದಾಗ "ಸೌಂಡ್ ಸತ್ತುಹೋಯ್ತು" ಅನ್ನಿಸಿದರೆ ಅದರಲ್ಲಿ ಕಿವಿಯ ಪಾಲೂ ಇದೆ. ಬಾಸ್, ಟ್ರೆಬಲ್ ತುಸು ಏರಿಸಿಕೊಳ್ಳಿ. ಟ್ರೆಬಲ್ ನಾಬ್ ಒಂದೇ ಇರುವ ಆಂಪ್‌ನಲ್ಲಿ ಇದು ಕಷ್ಟ, ಹಾಗಾಗಿ ಬಾಸ್, ಟ್ರೆಬಲ್ ಎರಡಾದರೂ ಇರಲಿ.

ಎಫೆಕ್ಟ್ಸ್ ಲೂಪ್ (ಆಂಪ್‌ನ ನಡುವೆ ಪೆಡಲ್ ಸೇರಿಸುವ ಜ್ಯಾಕ್‌ಗಳು) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಳಬೇಕಿಲ್ಲ. ರಿವರ್ಬ್ (ದೊಡ್ಡ ಹಾಲ್‌ನಲ್ಲಿ ನುಡಿಸಿದಂಥ ಅನುರಣನ) ಇಲ್ಲದಿದ್ದರೆ ಪೆಡಲ್ ಇದೆ. ಹೆಡ್‌ಫೋನ್ ಜ್ಯಾಕ್ ಇದ್ದರೆ ಅದನ್ನು ಹಾಕಿದಾಗ ಸ್ಪೀಕರ್ ಸುಮ್ಮನಾಗುತ್ತದಾ ಎಂದು ಪರೀಕ್ಷಿಸಿ.

ಹೆಜ್ಜೆ 6: ಮನೆಯ ಕರೆಂಟು

ಇದನ್ನು ದಾಟಿಸಿಕೊಂಡು ಹೋಗಬೇಡಿ. ನಮ್ಮಲ್ಲಿ ಆಂಪ್ ಕೆಡುವುದು ನುಡಿಸಿ ನುಡಿಸಿ ಅಲ್ಲ, ಇಲ್ಲಿಂದಲೇ.

ಟ್ಯೂಬ್ ಒಳಗೆ ಹೀಟರ್ ಎಂಬ ತಂತಿ ಇದೆ, ಬಹುಪಾಲು ಟ್ಯೂಬ್‌ಗಳಲ್ಲಿ ಅದಕ್ಕೆ 6.3 ವೋಲ್ಟ್ ಬೇಕು. ಮೇಲೆ ಕೆಳಗೆ ನೂರಕ್ಕೆ ಹತ್ತರಷ್ಟು ತಡೆದುಕೊಳ್ಳುತ್ತದೆ. 230 ವೋಲ್ಟ್‌ಗೆ ಮಾಡಿದ ಆಂಪ್ ಆದರೆ ಗೋಡೆಯಲ್ಲಿ 207ರಿಂದ 253ರವರೆಗೆ ಇದ್ದರೆ ಸರಿ. ಸಂಜೆ ಎಲ್ಲರ ಮನೆಯ ಪಂಪು, ಮಿಕ್ಸಿ ಓಡುವಾಗ ತೋಟದ ಕೊನೆಯ ಮನೆಗೆ 180 ವೋಲ್ಟ್ ಬಂದರೆ ಹೀಟರ್‌ಗೆ ಸಿಗುವುದು 5 ವೋಲ್ಟ್‌ಗಿಂತ ಕಡಿಮೆ. ದನಿ ಮಂಕಾಗುತ್ತದೆ, ದಿನಾ ಹೀಗೇ ಆದರೆ ಟ್ಯೂಬ್ ಆಯುಷ್ಯವೂ ಕಡಿಮೆಯಾಗುತ್ತದೆ. ಕೊಳ್ಳುವ ಮುಂಚೆ ಒಂದು ಮಲ್ಟಿಮೀಟರ್ ತಂದು ಬೆಳಿಗ್ಗೆ, ಸಂಜೆ, ನಡುರಾತ್ರಿ ಅಳೆದು ಬರೆದಿಡಿ. ಏರಿಳಿತ ಜಾಸ್ತಿ ಇದ್ದರೆ ಸ್ಟೆಬಿಲೈಸರ್ ಖರ್ಚನ್ನೂ ಆಂಪ್ ಬೆಲೆಗೆ ಸೇರಿಸಿಕೊಳ್ಳಿ. ರಿಲೇ ಇರುವ ಅಗ್ಗದ ಸ್ಟೆಬಿಲೈಸರ್ ಟಕ್ ಟಕ್ ಎಂದು ಬದಲಾಗುತ್ತದೆ, ಕೆಲವೊಮ್ಮೆ ಸ್ಪೀಕರ್‌ನಲ್ಲೂ ಕೇಳುತ್ತದೆ. ಸರ್ವೊ ಸ್ಟೆಬಿಲೈಸರ್ ಮೆತ್ತಗೆ ಹೋಗುತ್ತದೆ, ಬೆಲೆ ಜಾಸ್ತಿ.

ಇನ್ವರ್ಟರ್ ಮೇಲೆ ನುಡಿಸಬಹುದಾ? ಸೈನ್ ವೇವ್ ಇನ್ವರ್ಟರ್ ಆದರೆ ನುಡಿಸಿ. ಹೊರಗೆ 5 ವ್ಯಾಟ್ ಕೊಡುವ ಆಂಪ್ ಗೋಡೆಯಿಂದ ಅದರ ಹಲವು ಪಟ್ಟು ಎಳೆದರೂ ಒಂದೆರಡು ಟ್ಯೂಬ್‌ಲೈಟಿನ ಲೆಕ್ಕ ಅಷ್ಟೇ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರ್ ತುಂಬ ಝೇಂಕಾರ, ಟ್ರಾನ್ಸ್‌ಫಾರ್ಮರ್ ಕೂಡ ಹೆಚ್ಚು ಬಿಸಿ. ಬೇಡ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿ ಬಂದು ಆಟ ಆಡುವಾಗ ಆಂಪ್ ಸ್ವಿಚ್ ಆಫ್ ಮಾಡಿ, ಕರೆಂಟು ಹದಿನೈದು ನಿಮಿಷ ಹೋಗದೆ ನಿಂತ ಮೇಲೆ ಹಚ್ಚಿ. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಈಗ ಅರ್ಥಿಂಗ್. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ, ಅಲ್ಲಿಂದ ಪ್ಲಗ್‌ನ ಅರ್ಥ್ ಪಿನ್ನಿಗೆ ಸೇರಿವೆ. ಅಂದರೆ ನಿಮ್ಮ ಕೈ ಆ ಪಿನ್ನಿಗೆ ಸೇರಿದೆ. ಅರ್ಥ್ ಇಲ್ಲದ ಮನೆಯಲ್ಲಿ ಒಳಗೆ ಏನಾದರೂ ಸೋರಿದರೆ ಅದು ನಿಮ್ಮ ಮೂಲಕ ನೆಲಕ್ಕೆ ಹೋಗುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರೆ ಕೇಳುವುದೇ ಬೇಡ. ಹಾಡಲು ಮೈಕಿಗೆ ಬಾಯಿ ತಾಗಿಸಿದಾಗ ಚುರ್ ಎನ್ನುವುದು ಇದೇ ಕಾರಣಕ್ಕೆ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್ ಮತ್ತು ಅರ್ಥ್ ನಡುವೆ ಅಳೆಸಿ. ಫೇಸ್, ನ್ಯೂಟ್ರಲ್ ನಡುವೆ ಎಷ್ಟಿದೆಯೋ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಚಿರೇಕಲ್ಲಿನ ನೆಲದಲ್ಲಿ ತೋಡಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ನೀರು ಹಾಕುತ್ತಿರಬೇಕು. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಹಾಕಿಸಿದರೆ ಇಡೀ ಮನೆಗೇ ಒಳ್ಳೆಯದು. ಗುಂಯ್ ಹೋಗಲಿ ಎಂದು ಅರ್ಥ್ ಪಿನ್ ಕತ್ತರಿಸಿ ಹಾಕುವ ಉಪದೇಶ ಯಾರಾದರೂ ಕೊಟ್ಟರೆ ಅವರ ಹತ್ತಿರ ಮತ್ತೇನೂ ಕೇಳಬೇಡಿ.

ಹೊರದೇಶದಿಂದ ತರಿಸುವವರಿಗೆ ಒಂದು ಮಾತು. ಭಟ್ಕಳ, ಕುಮಟಾ ಕಡೆ ದುಬೈಯಲ್ಲಿ ನೆಂಟರು ಇರುವವರು ಬಹಳ. ಅಲ್ಲಿಯದು ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಮಾತ್ರ ಬೇರೆ. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಅಲ್ಲಿಂದ ತಂದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಮೂಲಕವೂ ಅರ್ಥ್ ಹಾದುಬರಬೇಕು. ಆಂಪ್ ಹಿಂದಿನ ಫಲಕದಲ್ಲಿ "50/60" ಎಂದಿದ್ದರೆ ಮಾತ್ರ ಯೋಚಿಸಿ. ಬರೀ 60 ಎಂದಿದ್ದರೆ ನಮ್ಮ 50ರಲ್ಲಿ ಟ್ರಾನ್ಸ್‌ಫಾರ್ಮರ್ ಅತಿಯಾಗಿ ಬಿಸಿಯಾಗಬಹುದು.

ಹೆಜ್ಜೆ 7: ಮಳೆ, ಉಪ್ಪು, ಹಲ್ಲಿ

ಕಾರವಾರ, ಅಂಕೋಲಾ, ಗೋಕರ್ಣದಲ್ಲಿ ಉಪ್ಪು ಗಾಳಿ. ಶಿರಸಿ, ಯಲ್ಲಾಪುರದಲ್ಲಿ ಉಪ್ಪಿಲ್ಲ, ಥಂಡಿ ಮಾತ್ರ ತಿಂಗಳುಗಟ್ಟಲೆ. ಎರಡೂ ಕಡೆ ಮೊದಲು ಹಾಳಾಗುವುದು ಲೋಹಕ್ಕೆ ಲೋಹ ತಾಗುವ ಜಾಗಗಳು: ಟ್ಯೂಬ್ ಸಾಕೆಟ್, ಜ್ಯಾಕ್, ನಾಬ್‌ಗಳ ಒಳಗಿನ ಪಾಟ್. ನಾಬ್ ತಿರುಗಿಸಿದರೆ ಕರಕರ, ಜ್ಯಾಕ್ ಅಲ್ಲಾಡಿಸಿದರೆ ದನಿ ಹೋಗಿ ಬರುವುದು. ಎಲೆಕ್ಟ್ರಾನಿಕ್ಸ್‌ಗೆ ಎಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಮನೆಯಲ್ಲಿರಲಿ. ಬಾಗಿಲ ತಿರುಗಣೆಗೆ ಹಾಕುವ ಎಣ್ಣೆ ಬೇಡ. ಸಾಕೆಟ್‌ಗೆ ಒಳ್ಳೆಯ ಮದ್ದು ಎಂದರೆ ಪ್ಲಗ್ ಕಿತ್ತು, ಆಂಪ್ ಪೂರ್ತಿ ತಣ್ಣಗಾದ ಮೇಲೆ ಟ್ಯೂಬ್ ಅನ್ನು ನೇರ ಮೇಲೆ ಎಳೆದು ಮತ್ತೆ ಕೂರಿಸುವುದು. ಅಡ್ಡಡ್ಡ ಅಲ್ಲಾಡಿಸಿದರೆ ಪಿನ್ ಬುಡದಲ್ಲಿ ಗಾಜು ಸೀಳುತ್ತದೆ.

ಮಳೆಗಾಲದಲ್ಲಿ ಆಂಪ್‌ಗೆ ಬೇಕಾದದ್ದು ಬಳಕೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ನುಡಿಸಿದರೆ ಟ್ಯೂಬ್‌ನ ಬಿಸಿಗೆ ಒಳಗಿನ ಥಂಡಿ ಆರುತ್ತದೆ. ಹೊರಗೋಡೆಗೆ ಒರಗಿಸಿ ಇಡಬೇಡಿ, ನೆಲದಿಂದ ಒಂದು ಗೇಣು ಮೇಲಿರಲಿ. ಮುಚ್ಚಲು ಹಳೇ ಹತ್ತಿ ಪಂಚೆ ಸಾಕು, ಅದೂ ತಣ್ಣಗಾದ ಮೇಲೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೇ ಬೆವರಿ ಹೊದಿಕೆಯ ಮೇಲೂ ಸ್ಪೀಕರ್ ಕಾಗದದ ಮೇಲೂ ಬೂಷ್ಟು ಹಿಡಿಯುತ್ತದೆ. ಹಿಂಬದಿ ತೆರೆದಿರುವ ಪೆಟ್ಟಿಗೆಯಲ್ಲಿ ಹಲ್ಲಿ, ಜಿರಲೆ ಬೆಚ್ಚಗೆ ಸಂಸಾರ ಹೂಡುತ್ತವೆ. ತಂತಿ ಬಲೆ ಹಾಕಬಹುದು, ಗಾಳಿಯಾಡುವ ಜಾಗ ಮುಚ್ಚಬಾರದು.

ಹೆಜ್ಜೆ 8: ಅಂಗಡಿಯಲ್ಲಿ, ಅಥವಾ ಸೆಕೆಂಡ್ ಹ್ಯಾಂಡ್ ಮಾರುವವರ ಮನೆಯಲ್ಲಿ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಹುಬ್ಬಳ್ಳಿಗೋ ಮಡಗಾಂವ್‌ಗೋ ಹೋಗುವುದು ಹೇಗೂ ಇದೆ, ಅಷ್ಟು ದೂರ ಹೋಗಿ ಅಂಗಡಿಯ ಒಳ್ಳೆಯ ಗಿಟಾರ್‌ನಲ್ಲಿ ಕೇಳಿ ಮರುಳಾಗಿ ಬರಬಾರದು. ಮೊದಲು ಎಲ್ಲ ನಾಬ್ ಸೊನ್ನೆಗೆ ಇಟ್ಟು ಹಚ್ಚಿ, ಒಂದು ನಿಮಿಷ ಬಿಡಿ. ಸಣ್ಣ ಗುಂಯ್ ಇದ್ದರೆ ಸಹಜ. ಜೋರಾಗಿದ್ದರೆ, ಅದೂ ಹಳೇ ಆಂಪ್ ಆದರೆ, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಒಣಗಿರಬಹುದು. ನಾಬ್‌ಗಳನ್ನು ಒಂದೊಂದಾಗಿ ಪೂರ್ತಿ ತಿರುಗಿಸಿ ಕೇಳಿ. ಗೇನ್ ಅರ್ಧಕ್ಕಿಟ್ಟು ಮುಂಭಾಗದ ಟ್ಯೂಬ್‌ಗಳನ್ನು ಪೆನ್ಸಿಲ್ ತುದಿಯಲ್ಲಿ ಮೆಲ್ಲಗೆ ತಟ್ಟಿ. ತುಸು ಟಕ್ ಕೇಳಿದರೆ ಪರವಾಗಿಲ್ಲ, ಗಂಟೆಯ ಹಾಗೆ ಗಣಗಣ ಎಂದರೆ ಆ ಟ್ಯೂಬ್ ಬದಲಿಸಬೇಕು.

ಕತ್ತಲಲ್ಲಿ ಪವರ್ ಟ್ಯೂಬ್ ನೋಡಿ. ನಡುವಿನ ಕಿತ್ತಳೆ ಹೊಳಪು ಸರಿ, ಗಾಜಿನ ಒಳಗೆ ನೀಲಿ ಮಬ್ಬು ಇದ್ದರೂ ಹೆದರಬೇಕಿಲ್ಲ. ಹೊರಗಿನ ಬೂದು ತಗಡೇ ಕೆಂಪಗಾಗಿದ್ದರೆ ತಕ್ಷಣ ಆಫ್ ಮಾಡಿ. ಟ್ಯೂಬ್ ತುದಿಯ ಬೆಳ್ಳಿ ಬಣ್ಣ ಸುಣ್ಣದ ಹಾಗೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದು ಸತ್ತ ಟ್ಯೂಬ್. ಆಮೇಲೆ ಇಪ್ಪತ್ತು ನಿಮಿಷ ಬಿಡದೆ ನುಡಿಸಿ. ಎಷ್ಟೋ ತೊಂದರೆ ಹೊರಬೀಳುವುದು ಬಿಸಿಯಾದ ಮೇಲೇ.

ಮನೆಗೆ ತಂದು ನೀವೇ ಬಿಚ್ಚುವ ಆಸೆ ಬೇಡ. ಒಳಗೆ 250ರಿಂದ 400 ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು.

ಹೆಜ್ಜೆ 9: ಈಗ ಹೆಸರುಗಳು

ಫ್ಲ್ಯಾಟ್‌ನವರಿಗೆ ನಾನಾದರೆ ಬ್ಲ್ಯಾಕ್‌ಸ್ಟಾರ್ ಎಚ್‌ಟಿ-1 ಅಥವಾ ಮಾರ್ಷಲ್ ಡಿಎಸ್‌ಎಲ್1 ಹೇಳುತ್ತೇನೆ. ಎರಡರಲ್ಲೂ 8 ಇಂಚಿನ ಸ್ಪೀಕರ್, ಅದೇ ಅವುಗಳ ಕೊರತೆ. 5 ವ್ಯಾಟ್ ಆಸುಪಾಸಿನಲ್ಲಿ ಬುಗೇರಾ ವಿ5, ವಾಕ್ಸ್ ಎಸಿ4. ಎಸಿ4ರಲ್ಲಿ 12 ಇಂಚಿನ ಸ್ಪೀಕರ್ ಇರುವ ಮಾದರಿ ಸಿಕ್ಕರೆ ಬಿಡಬೇಡಿ, ಒಂಟಿ ಮನೆಯಲ್ಲಿ ಇರುವವರಿಗೆ ಅದು ನನ್ನ ಮೊದಲ ಆಯ್ಕೆ. ಬ್ಯಾಂಡ್‌ನವರಿಗೆ ಫೆಂಡರ್ ಬ್ಲೂಸ್ ಜೂನಿಯರ್, ವಾಕ್ಸ್ ಎಸಿ15, ಮಾರ್ಷಲ್ ಡಿಎಸ್‌ಎಲ್20. ಲೇನಿ ಕಬ್ ಸೂಪರ್ 12ರಲ್ಲಿ 15 ವ್ಯಾಟ್‌ಗೆ ಒಂದು ಜ್ಯಾಕ್, 1 ವ್ಯಾಟ್‌ಗಿಂತ ಕಡಿಮೆಗೆ ಇನ್ನೊಂದು ಜ್ಯಾಕ್ ಇದೆ. ವಾರವೆಲ್ಲ ಮನೆ, ಭಾನುವಾರ ಹಾಲ್ ಅನ್ನುವವರಿಗೆ ಹೇಳಿ ಮಾಡಿಸಿದ್ದು. ಕೆಲವು ಮಾದರಿ ಹೊಸದಾಗಿ ಸಿಗದಿದ್ದರೆ ಹಳೆಯದು ಹುಡುಕಿ, ಹೆಜ್ಜೆ 8 ಮರೆಯಬೇಡಿ.

ಹೆಜ್ಜೆ 10: ಮನೆಗೆ ಬಂದ ಮೇಲೆ

ಕೊರಿಯರ್‌ನಲ್ಲಿ ಬಂದಿದ್ದರೆ ಹಚ್ಚುವ ಮುಂಚೆ ಟ್ಯೂಬ್‌ಗಳು ಸರಿಯಾಗಿ ಕೂತಿವೆಯಾ ಎಂದು ನೋಡಿ, ಘಟ್ಟದ ರಸ್ತೆಯ ಕುಲುಕಾಟಕ್ಕೆ ಸಡಿಲಾಗಿರುತ್ತವೆ. ಮಳೆಗಾಲದಲ್ಲಿ ಬಂದರೆ ಪೆಟ್ಟಿಗೆ ಬಿಚ್ಚಿ ಒಂದು ದಿನ ಒಣ ಕೋಣೆಯಲ್ಲಿ ಇಟ್ಟು ಆಮೇಲೆ ಹಚ್ಚಿ. ಸ್ಟ್ಯಾಂಡ್‌ಬೈ ಸ್ವಿಚ್ ಇದ್ದರೆ ಮೊದಲು ಪವರ್, ಅರ್ಧ ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ.

ರಿಪೇರಿಗೆ ಯಾರಿದ್ದಾರೆ ಎಂದು ಕೆಡುವ ಮುಂಚೆಯೇ ವಿಚಾರಿಸಿಡಿ. ಊರಲ್ಲಿ ವಾಲ್ವ್ ರೇಡಿಯೊ ಕಾಲದ ಮೆಕ್ಯಾನಿಕ್ ಒಬ್ಬರು ಇನ್ನೂ ಕೆಲಸ ಮಾಡುತ್ತಿದ್ದರೆ ನಿಮ್ಮ ಅದೃಷ್ಟ. ಗಿಟಾರ್ ಆಂಪ್ ಎಂದರೆ ಅವರು ಹಿಂಜರಿಯಬಹುದು. ಆಂಪ್‌ನ ಸರ್ಕ್ಯೂಟ್ ಡಯಾಗ್ರಾಂ ಪ್ರಿಂಟ್ ತೆಗೆದು ಎದುರಿಗೆ ಇಡಿ. 5 ವ್ಯಾಟ್‌ನ ಆಂಪ್ ಸರ್ಕ್ಯೂಟ್ ಅವರು ರಿಪೇರಿ ಮಾಡಿದ ರೇಡಿಯೊಗಿಂತ ಸರಳ.

ಬಿಡಿ ಸಾಮಾನು ಆಂಪ್ ಜೊತೆಗೇ ತರಿಸಿ: ಒಂದು 12ಎಎಕ್ಸ್7, ಒಂದು ಸೆಟ್ ಪವರ್ ಟ್ಯೂಬ್, ನಾಲ್ಕು ಫ್ಯೂಸ್. ಟ್ಯೂಬ್ ಸ್ಲೊವಾಕಿಯಾದ ಜೆಜೆ ಆಗಲಿ, ರಷ್ಯಾದ ಎಲೆಕ್ಟ್ರೊ-ಹಾರ್ಮೋನಿಕ್ಸ್ ಆಗಲಿ, ಚೀನಾದ್ದಾಗಲಿ, ಯಾವುದಾದರೂ ನಡೆಯುತ್ತದೆ. ಫ್ಯೂಸ್ ಮಾತ್ರ ಹಿಂದೆ ಬರೆದ ಅಳತೆಯದೇ ಬೇಕು, ಅಂಕಿಯ ಹಿಂದೆ ಇರುವ "ಟಿ" ಅಕ್ಷರವನ್ನೂ ನೋಡಿ, ಅದು ನಿಧಾನಕ್ಕೆ ಕರಗುವ ಫ್ಯೂಸ್. ತಾಮ್ರದ ತಂತಿ ಸುತ್ತಿ ಕೆಲಸ ಸಾಗಿಸಬೇಡಿ. ಫ್ಯೂಸ್ ಹೋದರೆ ಒಮ್ಮೆ ಬದಲಿಸಿ. ಮತ್ತೆ ಹೋದರೆ ಪ್ಲಗ್ ಕಿತ್ತು, ಆಂಪ್ ತಣ್ಣಗಾದ ಮೇಲೆ ಪವರ್ ಟ್ಯೂಬ್ ಬದಲಿಸಿ, ಹೊಸ ಫ್ಯೂಸ್ ಹಾಕಿ ಹಚ್ಚಿ. ಈಗ ಫ್ಯೂಸ್ ಹೋಗದೆ ನಿಂತರೆ ಕೆಟ್ಟದ್ದು ಆ ಹಳೇ ಟ್ಯೂಬ್, ಬಿಸಾಡಿ. ಹೊಸ ಟ್ಯೂಬ್ ಹಾಕಿದ ಮೇಲೂ ಫ್ಯೂಸ್ ಹೋಯಿತೆಂದರೆ ಮತ್ತೊಂದು ಹಾಕಲು ಹೋಗಬೇಡಿ, ಡಯಾಗ್ರಾಂ ಮಡಿಸಿ ಪೆಟ್ಟಿಗೆಯೊಳಗೆ ಇಟ್ಟು ಮೆಕ್ಯಾನಿಕ್ ಹತ್ತಿರ ಒಯ್ಯಿರಿ.